ಏಳನೆಯ ಪುಟ

ಹಳೆಯ ಮಷೀನು ಕೊಳ್ಳಲು ಹೋದಾಗ ಅದಕ್ಕೆ ಹೊಸ ಬಣ್ಣ ಬಳಿದಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಮಾರುವವನು ಚಹಾ ತರಿಸಿದರೆ ಕುಡಿಯಿರಿ, ಬೇಡ ಎನ್ನಬೇಡಿ. ಆದರೆ ಕುಡಿಯುತ್ತಲೇ ಒಂದು ಕೈಯನ್ನು ಮಷೀನಿನ ತಳಕ್ಕೆ ಹಾಕಿ ನೋಡಿ. ಕೈಗೆ ಎಣ್ಣೆ ಹತ್ತಿದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಏನೂ ಹತ್ತದಿದ್ದರೆ ಆ ದಿನ ಬೆಳಿಗ್ಗೆ ಒರೆಸಿಟ್ಟಿದ್ದಾರೆ ಎಂದು ಅರ್ಥ, ಅದು ಇನ್ನೂ ಕೆಟ್ಟದ್ದು. ಬೆಳಗಾವಿಯ ಆಟೋ ನಗರದಲ್ಲಿ ಹಳೆಯ ಲೇಥು, ಡ್ರಿಲ್ಲಿಂಗ್ ಮಷೀನುಗಳನ್ನು ಕೊಂಡು, ರಿಪೇರಿ ಮಾಡಿ ಮಾರಿ ಬದುಕು ಕಟ್ಟಿಕೊಂಡವನು ನಾನು. ಮನುಷ್ಯರನ್ನೂ ಹೀಗೆಯೇ ನೋಡುತ್ತೇನೆ. ಇದರಿಂದ ನಾನು ಮೋಸ ಹೋದದ್ದು ಕಡಿಮೆ. ಸ್ನೇಹಿತರೂ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ.

ಒಬ್ಬರ ವಿಷಯದಲ್ಲಿ ಮಾತ್ರ ತಳಕ್ಕೆ ಕೈ ಮುಟ್ಟಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಅವರು ಕಳೆದ ತಿಂಗಳು ಖಾನಾಪುರದಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಯಾವ ಕಾಗದದ ಮೇಲೆ ಬಂದರೂ ಮೂರು ಸಲ ಓದಿ, ಎಲ್ಲಿ ತಪ್ಪಾಗಿದೆ ಎಂದು ಹುಡುಕುವ ಮನುಷ್ಯ ಅವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ಸಾವ್ಕಾರ್ರ ಎನ್ನುತ್ತಿದ್ದರು. ನಾನು ಯಾವ ದಿಕ್ಕಿನಿಂದಲೂ ಸಾಹುಕಾರನಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಮೊದಲು ಕಂಡದ್ದು ಬೆಳಗಾವಿ ಪಕ್ಕದ ಮಚ್ಛೆಯಲ್ಲಿ. ಅಲ್ಲಿ ಒಂದು ಕಾರ್ಖಾನೆ ಬಾಗಿಲು ಹಾಕುತ್ತಿತ್ತು. ಅದರ ಜರ್ಮನ್ ಬೋರಿಂಗ್ ಮಷೀನು ನನ್ನ ಪಾಲಿಗೆ ಬಂದಿತ್ತು. ಕಾಕಾ ಅಲ್ಲಿ ಸ್ಟೋರ್‌ಕೀಪರ್. ತುಂಬುತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಸೊಂಟದಲ್ಲಿ ಸರಪಳಿಗೆ ಕಟ್ಟಿದ ಕೀಲಿಕೈ ಗೊಂಚಲು. ಮಾಲೀಕರೇ ಊರು ಬಿಟ್ಟಿದ್ದರು, ಈ ಮನುಷ್ಯ ಮಾತ್ರ ನಟ್ಟು ಬಿಗಿಯುವ ಒಂದೊಂದು ಪಾನಾಕ್ಕೂ ನನ್ನಿಂದ ಸಹಿ ಹಾಕಿಸಿಕೊಂಡರು. ಮಷೀನನ್ನು ಲಾರಿಗೆ ಏರಿಸುವ ಮುನ್ನ ಅದರ ಕಂಪನಿ, ಊರಿನ ಹೆಸರಿದ್ದ ತಗಡಿನ ಪಟ್ಟಿಯ ಮೇಲೆ ಕೈಯಿಟ್ಟು ಹೇಳಿದರು:

"ಇದರ ಊರು ಭಾಳ ಚೊಲೋ ಐತ್ರಿ, ಸಾವ್ಕಾರ್ರ."

"ನೀವ್ ನೋಡೀರೇನು?"

ಅವರು ಸೊಂಟದ ಸರಪಳಿ ಬಿಚ್ಚಿ ಮೇಜಿನ ಮೇಲೆ ಬಳೆಯಂತೆ ಬಗ್ಗಿಸಿ ಇಟ್ಟರು.

"ಇದು ಹೊಳಿ ಅನ್ರಿ. ಮೂರೂ ಬಾಜು ಸುತ್ತಿ ಹೋಗತೈತಿ. ನಾಕನೇ ಬಾಜುಕ್ಕ ಕಲ್ಲಿನ ಗ್ವಾಡಿ, ಒಂದ ದೊಡ್ಡ ಬಾಗಲಾ. ಊರು ಬೆಳೀಬೇಕಂದ್ರ ಜಾಗಾನ ಇಲ್ಲ. ಅದಕ್ಕ ನಿಮ್ಮ ಮಷೀನ್ ಮಾಡೂ ಕಾರ್ಖಾನಿ ಸೇತುವಿ ದಾಟಿ ಆಚೀ ಕಡಿ ಐತಿ."

ಬೆಂಕಿಪೊಟ್ಟಣ ಇಟ್ಟು ಅದು ಚರ್ಚು ಎಂದರು. ಪೆನ್ನು ಇಟ್ಟು ಅದು ಸೇತುವೆ ಎಂದರು. ಆ ಊರು ಮೊದಲು ಬದುಕಿದ್ದು ಉಪ್ಪಿನ ಮೇಲಂತೆ. ಉಪ್ಪಿನ ಗಾಡಿ ಸೇತುವೆಗೆ ಬಂದರೆ ಸುಮ್ಮನೆ ದಾಟಿ ಹೋಗುವಂತಿರಲಿಲ್ಲ. ಮೂರು ದಿನ ಅಲ್ಲಿಯೇ ಮಾಲು ಬಿಚ್ಚಿ, ಊರಿನವರು ಕೇಳಿದಷ್ಟು ಮಾರಿ, ಉಳಿದದ್ದನ್ನು ಮುಂದಕ್ಕೆ ಒಯ್ಯಬೇಕು. ನನಗೆ ಆ ಊರಿನವರ ಮೇಲೆ ಆಗಲೇ ಗೌರವ ಬಂತು. ಆಮೇಲೆ ರೈಲು ಬರುತ್ತೇನೆ ಎಂದಾಗ ಹಿರಿಯರು ಹೊಗೆ ಬೇಡ ಎಂದರು, ರೈಲು ಪಕ್ಕದ ಊರಿಗೆ ಹೋಯಿತು, ಇವರ ಊರು ಸಣ್ಣದಾಗಿಯೇ ಉಳಿಯಿತು. ಬೀಗ ಮಾಡುತ್ತಿದ್ದವರ ಮಕ್ಕಳು ಮಷೀನು ಮಾಡಲು ಕಲಿತರು. ದೊಡ್ಡ ಯುದ್ಧ ಮುಗಿದ ಮೇಲೆ ಪೂರ್ವದಿಂದ ಮನೆಮಾರು ಕಳೆದುಕೊಂಡವರು ಬಂದಾಗ ಗುಡ್ಡದ ಮೇಲೆ ಹೊಸ ಓಣಿಗಳನ್ನು ಕಟ್ಟಿದರು. ಕಲ್ಲಿನ ಬಾಗಿಲಿನ ಮೇಲೆ ಹೊಳೆ ಯಾವ್ಯಾವ ವರ್ಷ ಎಲ್ಲಿಯವರೆಗೆ ಏರಿತ್ತು ಎಂದು ಗೆರೆ ಕೊರೆದಿದ್ದಾರಂತೆ.

ಆ ಊರಿನ ಹೆಸರನ್ನು ನಾನು ಇಂದಿಗೂ ನೆಟ್ಟಗೆ ಹೇಳಲಾರೆ, ಹಾಗಾಗಿ ಬರೆಯಲೂ ಹೋಗುವುದಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಕಾಕಾ ಮಚ್ಛೆಯಲ್ಲೇ ಒಂದು ಹಿಟ್ಟಿನ ಗಿರಣಿಯ ಮಾಳಿಗೆ ಹಿಡಿದು ಜರ್ಮನ್ ಪಾಠ ಶುರು ಮಾಡಿದರು. ಖಾನಾಪುರದಿಂದ ಬೆಳಿಗ್ಗೆಯ ಬಸ್ಸಿಗೆ ಬರುವುದು, ಮಧ್ಯಾಹ್ನದ ಬಸ್ಸಿಗೆ ಹೋಗುವುದು. ಪಾಠದ ಮೊದಲ ದಿನ ಅಕ್ಷರವಿಲ್ಲ, ಪದವಿಲ್ಲ. ಆ ಊರಿನ ನಕ್ಷೆ ಬರೆಯಬೇಕು. ಹೊಳೆ, ಗೋಡೆ, ಬಾಗಿಲು, ಸೇತುವೆ, ಕೆಳಗಿನ ಹುಲ್ಲುಗಾವಲು, ಮೇಲಿನ ಓಣಿ. ನಕ್ಷೆ ತಪ್ಪಿದವರು ಎರಡನೆಯ ದಿನವೂ ನಕ್ಷೆಯನ್ನೇ ಬರೆಯಬೇಕು. ಅವರು ಎರಡು ವರ್ಷ ಜರ್ಮನಿಯಲ್ಲಿದ್ದು ಬಂದವರು ಎಂದು ಮಚ್ಛೆಯ ತುಂಬ ಮಾತಿತ್ತು. "ಹೌದೇನ್ರೀ ಕಾಕಾ?" ಎಂದರೆ, "ಜನಾ ಹಂಗ ಅಂತಾರು" ಎನ್ನುತ್ತಿದ್ದರು. ಗಮನಿಸಿ, ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ವ್ಯಾಪಾರದಲ್ಲಿ ಇಂಥ ಉತ್ತರ ಕೊಡುವವನ ಮಾಲನ್ನು ನಾನು ಬೆಳಕಿಗೆ ಹಿಡಿದು ನೋಡುತ್ತೇನೆ.

ನಾನು ನೋಡತೊಡಗಿದೆ. ಎರಡು ವರ್ಷ ಪರದೇಶದಲ್ಲಿದ್ದವನ ಹತ್ತಿರ ಒಂದು ಫೋಟೋ ಇರಲಿಲ್ಲ. ಆ ಊರಿನ ಬಗ್ಗೆ ಗಂಟೆಗಟ್ಟಲೆ ಹೇಳುತ್ತಿದ್ದರು, ಆದರೆ ಅದರಲ್ಲಿ "ನಾನು" ಎಂಬ ಪದ ಒಂದು ಸಲವೂ ಬರುತ್ತಿರಲಿಲ್ಲ. ಏನು ತಿಂದೆ, ಎಲ್ಲಿ ಮಲಗಿದೆ, ಚಳಿ ಹೇಗಿತ್ತು, ಯಾವುದೂ ಇಲ್ಲ. ಸೇತುವೆಯಿಂದ ಚರ್ಚಿಗೆ ಎಷ್ಟು ದೂರ ಎಂದರೆ, "ನಮ್ಮ ಖಾನಾಪುರ ಸ್ಟೇಶನ್ನಿಂದ ಬಸ್‌ಸ್ಟ್ಯಾಂಡ್ ಇದ್ದಂಗ" ಎನ್ನುತ್ತಿದ್ದರು. ಕಾಲಿನಿಂದ ನಡೆದವನು ಹಾಗೆ ಹೇಳುವುದಿಲ್ಲ, ಒಂದು ಬೀಡಿ ಸೇದುವಷ್ಟು ದೂರ ಎನ್ನುತ್ತಾನೆ. ಒಂದೇ ಪ್ರಶ್ನೆಯನ್ನು ತಿಂಗಳು ಬಿಟ್ಟು ತಿಂಗಳು ಕೇಳುವುದು ನನ್ನ ಹಳೆಯ ಉಪಾಯ. ಸುಳ್ಳುಗಾರನ ಉತ್ತರ ಪ್ರತಿ ಸಲ ಸ್ವಲ್ಪ ಚೆಂದವಾಗುತ್ತಾ ಹೋಗುತ್ತದೆ. ಇವರ ಉತ್ತರ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಅದರಿಂದ ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಖರೇ ನೆನಪಾದರೆ ಅಲ್ಲಲ್ಲಿ ಸವೆಯಬೇಕಲ್ಲ.

ಇನ್ನೊಂದು ಚಟ ಇತ್ತು ಅವರಿಗೆ. ಕೈಗೆ ಯಾವ ಕಾಗದ ಸಿಕ್ಕರೂ ಮೊಣಕಾಲ ಮೇಲಿಟ್ಟು, ಅಂಗೈ ಅಂಚಿನಿಂದ ನಡುವಿನಿಂದ ಹೊರಕ್ಕೆ ಒತ್ತಿ ಸುಕ್ಕು ತೆಗೆಯುತ್ತಿದ್ದರು. ಬಸ್ ಟಿಕೆಟ್ ಆಗಲಿ, ಮದುವೆ ಕರೆಯೋಲೆಯಾಗಲಿ. ಮಚ್ಛೆ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಭಜಿ ಕೊಡಿಸಿದರೆ, ಭಜಿಯನ್ನು ನನ್ನ ಕೈಗಿತ್ತು ಅದರ ಪೇಪರ್ ಬಿಡಿಸಿ ಓದುತ್ತಿದ್ದರು.

"ಕಾಕಾ, ಆರಿ ಹೋಗ್ತಾವ, ತಿನ್ರಿ."

"ತಡೀರಿ. ಈ ಕೇಸು ಏನಾತು ಅಂತ ನೋಡೂಣು."

"ಅದು ಹ್ವಾದ ವರ್ಷದ ಪೇಪರ್ರಿ."

"ಹ್ವಾದ ವರ್ಷದ್ದಾದ್ರೇನು, ನನಗ ಇವತ್ತ ಬಂದೈತಿ."

ಕೊನೆಗೆ ಆರಿದ ಭಜಿಯನ್ನು ತಿಂದು, ಪೇಪರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕುತ್ತಿದ್ದರು.

ನನ್ನ ಮಗಳು ದಾನಮ್ಮ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವಳು. ನನ್ನ ಶೆಡ್ಡಿನಲ್ಲೇ ಬೆಳೆದವಳು, ಬೇರಿಂಗ್ ತಿರುಗಿಸಿ ಕಿವಿಗೆ ಹಿಡಿದರೆ ಅದರ ಆಯುಷ್ಯ ಹೇಳುತ್ತಾಳೆ. ಜರ್ಮನಿಗೆ ಹೋಗಿ ಮೂರು ವರ್ಷ ಕೆಲಸ ಕಲಿಯುತ್ತೇನೆ ಎಂದು ಕಾಕಾನ ಪಾಠಕ್ಕೆ ಸೇರಿದಳು. ಪರೀಕ್ಷೆಗೆಂದು ಆನ್‌ಲೈನ್ ಪಾಠವನ್ನೂ ತೆಗೆದುಕೊಂಡಳು. ಅಲ್ಲಿ ಕಲಿಸುವ ಹೆಣ್ಣುಮಗಳು ಮೊದಲ ವಾರವೇ ಕೇಳಿದಳಂತೆ: ನಿನಗೆ ಪುರಸಭೆಯ ಠರಾವು, ನೆರೆಯ ಮಟ್ಟ, ಗಿರಣಿಯ ಕಾಲುವೆ, ಇವಕ್ಕೆಲ್ಲ ಪದ ಗೊತ್ತಿದೆ, ಹಲ್ಲುಜ್ಜುವ ಬ್ರಷ್ಷಿಗೆ ಗೊತ್ತಿಲ್ಲವಲ್ಲ, ಯಾರು ಕಲಿಸಿದರು? ಮಗಳು ನಗುತ್ತಾ ಹೇಳಿದಳು. ನಾನು ನಗಲಿಲ್ಲ. ಎರಡು ವರ್ಷ ಒಂದು ದೇಶದಲ್ಲಿದ್ದವನಿಗೆ ಹಲ್ಲುಜ್ಜುವ ಬ್ರಷ್ಷಿನ ಹೆಸರು ಗೊತ್ತಿರುವುದಿಲ್ಲವೇ?

ಆಮೇಲೆ ಒಬ್ಬ ಏಜೆಂಟ್ ಮಗಳಿಗೆ ಒಂದು ಕಾರ್ಖಾನೆಯಲ್ಲಿ ಜಾಗ ಹುಡುಕಿಕೊಟ್ಟ. ಯಾವ ಊರಿನಲ್ಲಿ? ಅದೇ ಊರಿನಲ್ಲಿ. ಇಡೀ ಜರ್ಮನಿಯಲ್ಲಿ ಅದೊಂದೇ ಊರೇ? ಕಾಕಾ ಮತ್ತು ಏಜೆಂಟ್ ಒಂದೇ ತಟ್ಟೆಯಲ್ಲಿ ಉಣ್ಣುವವರು ಎಂದು ನನಗೆ ಖಾತ್ರಿಯಾಯಿತು. ಮಗಳಿಗೆ ಹೇಳಿದೆ.

"ಅಪ್ಪಾ, ಆ ಊರನ್ನ ನಾನ ಕೇಳಿ ತಗೊಂಡೇನಿ. ನನಗ ಗೊತ್ತಿರೂದು ಅದೊಂದ ಊರು. ನೀವ್ ಎಲ್ಲಾರ್ನೂ ಕಳ್ಳರ ಅಂತೀರಿ."

"ಎಲ್ಲಾರ್ನೂ ಅಲ್ಲವಾ. ಇನ್ನೂ ಸಿಕ್ಕಿ ಬೀಳದವರನ್ನ ಅಷ್ಟ."

ಶುಕ್ರವಾರ ಕರಾರು ಬಂತು. ಸೋಮವಾರ ಸಹಿ ಹಾಕಿ ಕಳಿಸಬೇಕು. ಇರಲು ಹಾಸ್ಟೆಲ್ ಕೊಡುತ್ತಾರೆ, ಅದರ ವಿಳಾಸವೂ ಅದರಲ್ಲಿತ್ತು. ಪರೀಕ್ಷಿಸೋಣ ಎಂದು ಅದನ್ನು ಕಾಕಾನ ಕೈಗೆ ಕೊಟ್ಟೆ. ಮೊಣಕಾಲ ಮೇಲಿಟ್ಟು ಅಂಗೈ ಅಂಚಿನಿಂದ ಒತ್ತಿದರು. ಓದಿದರು. ಮತ್ತೆ ಓದಿದರು. ವಿಳಾಸದ ಮೇಲೆ ಬೆರಳಿಟ್ಟರು.

"ಸಾವ್ಕಾರ್ರ, ಈ ಜಾಗಾದಾಗ ಮನಿ ಇಲ್ಲರಿ. ಇದು ಕೆಳಗಿನ ಹುಲ್ಲುಗಾವಲಾ. ಹೊಳಿ ಏರಿದ್ರ ಮೊದಲ ನೀರ ಬರೂದ ಇಲ್ಲಿ. ಯಾರೂ ಮನಿ ಕಟ್ಟೂದುಲ್ಲ. ಸಹಿ ಹಾಕಬ್ಯಾಡ್ರಿ."

"ಅಂದ್ರ ಏಜೆಂಟ್ ಸುಳ್ಳ?"

"ಏಜೆಂಟ್ ನನಗ ಗೊತ್ತಿಲ್ಲ. ಜಾಗಾ ಗೊತ್ತೈತಿ."

ಈಗ ಯೋಚಿಸಿ. ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದಾನೆ, ನಡುವೆ ನನ್ನ ಮಗಳ ಮೂರು ವರ್ಷ ಇದೆ. ಮನೆಗೆ ಬಂದು ಫೋನಿನಲ್ಲಿ ಆ ಊರನ್ನು ತೆಗೆದೆ. ಮೇಲಿನಿಂದ ತೆಗೆದ ಚಿತ್ರ. ಹೊಳೆ ಬಳೆಯಂತೆ ಮೂರು ಕಡೆ ಸುತ್ತಿತ್ತು, ಅದು ಖರೇ. ಸೇತುವೆ ಇತ್ತು. ಆದರೆ ಕೆಳಗಿನ ಹುಲ್ಲುಗಾವಲಿನಲ್ಲಿ ಉದ್ದಕ್ಕೆ ಮೂರು ಕೆಂಪು ಛಾವಣಿಗಳಿದ್ದವು. ಕಾಕಾ ಸಿಕ್ಕಿಬಿದ್ದರು ಎಂದುಕೊಂಡೆ. ಏಜೆಂಟನಿಗೂ ಫೋನ್ ಮಾಡಿದೆ, ಒಬ್ಬನನ್ನೇ ನಂಬುವುದು ಬೇಡವೆಂದು. "ಹೊಳಿ ಬಂದ್ರ ಏನ್ ಮಾಡತಾರ್ರೀ ಅಲ್ಲಿ?" ಎಂದು ಕೇಳಿದೆ.

"ಹೊಳಿ? ಯಾವ ಹೊಳಿ ಸರ್? ಎ-ಒನ್ ಹಾಸ್ಟೆಲ್ ಐತಿ. ಟೆನ್ಶನ್ ತಗೋಬ್ಯಾಡ್ರಿ."

ಟೆನ್ಶನ್ ತಗೋಬ್ಯಾಡ್ರಿ ಎಂದವನ ಮಾತು ಕೇಳಿ ನಿಶ್ಚಿಂತೆಯಿಂದ ಕೂತವರನ್ನು ನಾನು ಕಂಡಿಲ್ಲ. ಭಾನುವಾರ ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಖಾನಾಪುರಕ್ಕೆ ಗಾಡಿ ಬಿಟ್ಟೆ.

ಕಾಕಾನದು ಹೊಳೆಗೆ ಹೋಗುವ ದಾರಿಯಲ್ಲಿ ಎರಡು ಕೋಣೆಯ ಮನೆ. ಅವರ ಹೆಂಡತಿ ಕಾಕು ಬಾಗಿಲಲ್ಲೇ ಅವಲಕ್ಕಿ ಆರಿಸುತ್ತಾ ಕೂತಿದ್ದರು. "ಬರ್ರಿ, ಕುಂದರ್ರಿ" ಎಂದರು. ನಾನು ಕೂರದೆ ನೇರವಾಗಿ ಕೇಳಿದೆ, ಎಚ್ಚರ ತಪ್ಪಿಸುವುದೇ ನನ್ನ ಪದ್ಧತಿ.

"ಕಾಕು, ಕಾಕಾ ಜರ್ಮನಿಯೊಳಗ ಎಷ್ಟ ದಿವಸ ಇದ್ದರು?"

ಕಾಕು ನಕ್ಕು ಮೊರ ಕೆಳಗಿಟ್ಟರು. "ಅಯ್ಯ, ಜರ್ಮನಿ ಎಲ್ಲಿ ತಂದ್ರಿ? ನನ್ನ ಮದುವಿ ಆದಾಗಿಂದ ಗೋಕಾಕ ಫಾಲ್ಸಿಗೆ ಒಯ್ತೀನಿ ಅಂತಾರು. ಇನ್ನೂ ಬಸ್ ಬಂದಿಲ್ಲ."

ಕಾಕಾ ಒಳಗಿನಿಂದ ಬಂದರು. ಫೋನನ್ನು ಅವರ ಮುಖದ ಮುಂದೆ ಹಿಡಿದೆ.

"ನೋಡ್ರಿ. ಮನಿ ಇಲ್ಲ ಅಂದ್ರಿ. ಮೂರ ಮನಿ ಅವ. ನೀವ್ ಆ ಊರಿಗೆ ಹೋಗೇ ಇಲ್ಲ."

"ಹೋಗೇನಿ ಅಂತ ನಾ ಯಾವತ್ತ ಅಂದೇನ್ರೀ?"

ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಆ ಕೆಂಪು ಛಾವಣಿಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಕಟ್ಟೇ ಬಿಟ್ಟರು" ಎಂದರು. ಊರಿನಲ್ಲಿ ಯಾರೋ ತೀರಿಕೊಂಡ ಸುದ್ದಿ ಕೇಳಿದವರ ದನಿ.

ಆಮೇಲೆ ಒಳಗೆ ಕರೆದರು. ಅಟ್ಟದ ಮೇಲಿನಿಂದ ಎರಡು ತಗಡಿನ ಟ್ರಂಕು ಇಳಿಸಿದರು. ತುಂಬ ಜರ್ಮನ್ ವೃತ್ತಪತ್ರಿಕೆ. ಒಂದೊಂದೂ ಚಪ್ಪಟೆ, ಸುಕ್ಕಿಲ್ಲ. ಮೂಲೆಗೆ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯ ಮೇಲೆ ನಂಬರು. ಮೇಲೊಂದು ದಪ್ಪ ರಿಜಿಸ್ಟರ್.

ಕಾರ್ಖಾನೆಗೆ ಆ ಊರಿನಿಂದ ಬಿಡಿಭಾಗಗಳು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬರುತ್ತಿದ್ದವಂತೆ. ಒಂದೊಂದು ಭಾಗವನ್ನೂ ಅಲ್ಲಿನ ಊರ ಪತ್ರಿಕೆಯಲ್ಲಿ ಸುತ್ತಿರುತ್ತಿದ್ದರು. ಎಲ್ಲರೂ ಪೇಪರ್ ಬಿಸಾಡುತ್ತಿದ್ದರು. "ಸ್ಟೋರಿಗೆ ಬಂದದ್ದನ್ನ ಬರಕೋಬೇಕು, ಅದು ನನ್ನ ಕೆಲಸಾ" ಎಂದರು ಕಾಕಾ. "ಬೇರಿಂಗ್ ಬರಕೊಂಡ್ಯಾ. ಪೇಪರ್ ಸುದ್ದಾ ಬಂದಿತ್ತಲ್ರೀ. ಅದನ್ನ ಯಾಕ ಬಿಡಬೇಕು?" ಬರೆದುಕೊಂಡ ಮೇಲೆ ಅದರಲ್ಲಿ ಏನಿದೆ ಎಂದು ತಿಳಿಯಬೇಕಲ್ಲ. ಬೆಳಗಾವಿಯಲ್ಲಿ ಹಳೆಯ ನಿಘಂಟು ಕೊಂಡು ಒಂದೊಂದೇ ಪದ ಬಿಡಿಸಿದರು. ಶನಿವಾರದ ಪೇಪರಿನಲ್ಲಿ ಊರಿನ ಹಿಂದಿನ ಕಾಲದ ಬಗ್ಗೆ ಒಂದು ಅಂಕಣ ಬರುತ್ತಿತ್ತು. ಉಪ್ಪು, ರೈಲು, ಗೆರೆ ಕೊರೆದ ಬಾಗಿಲು, ಎಲ್ಲ ಅದರಿಂದ. ಬೇಕರಿಯವನ ಮಗಳ ಮದುವೆ ಗೊತ್ತು, ಪುರಸಭೆಯ ಜಗಳ ಗೊತ್ತು. ಹಲ್ಲುಜ್ಜುವ ಬ್ರಷ್ಷಿನ ಬಗ್ಗೆ ಮಾತ್ರ ಪೇಪರಿನವರು ಬರೆದಿರಲಿಲ್ಲ.

"ಮುಂದ?" ಎಂದಳು ದಾನಮ್ಮ.

"ಮುಂದ ಗುಳ್ಳಿ ಪ್ಲಾಸ್ಟಿಕ್ ಬಂತಲ್ಲವಾ. ಸುತ್ತೂದೆಲ್ಲಾ ಅದರಾಗ. ಊರಿನ ಸುದ್ದಿ ಅಲ್ಲಿಗೆ ನಿಂತ ಬಿಡ್ತು."

ನಾನು ಇನ್ನೂ ಪೂರ್ತಿ ನಂಬಿರಲಿಲ್ಲ. ಒಂದು ಹಾಳೆ ತೆಗೆದು ಬೆಳಕಿಗೆ ಹಿಡಿದೆ. ಬೇರಿಂಗಿನ ಉಂಗುರದ ಗುರುತು, ಅದರ ಸುತ್ತ ಗ್ರೀಸಿನ ಕಲೆ. ಹೊಸ ಗ್ರೀಸು ಒಂದು ಬಣ್ಣ; ಹತ್ತಾರು ವರ್ಷ ಕಾಗದದೊಳಗೆ ಇಳಿದದ್ದು ಜೇನಿನ ಬಣ್ಣ. ಬಣ್ಣ ಬಳಿಯಬಹುದು, ಸುಳ್ಳು ಬಿಲ್ಲು ಬರೆಯಬಹುದು, ಈ ಕಲೆಯನ್ನು ಯಾರೂ ಒಂದು ದಿನದಲ್ಲಿ ಮಾಡಲಾರರು. ಇದನ್ನು ನಾನು ಕಾಕಾನ ಮುಂದೆ ಗಟ್ಟಿಯಾಗಿಯೇ ಹೇಳಿದೆ. ಅವರು ತಲೆಯಾಡಿಸಿದರು. ಮಾತು ತಿರುಗಿ ನನ್ನ ಮೇಲೆಯೇ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಕೊನೆಗೆ ಒಂದು ಹಾಳೆ ಬಿಡಿಸಿದರು. ಮೂರನೆಯ ಪುಟ. ಕೆಳಗಿನ ಹುಲ್ಲುಗಾವಲಿನಲ್ಲಿ ಕೆಲಸಗಾರರಿಗೆ ಹಾಸ್ಟೆಲ್ ಕಟ್ಟಬೇಕೋ ಬೇಡವೋ ಎಂದು ಪುರಸಭೆಯಲ್ಲಿ ನಡೆದ ಚರ್ಚೆ. ಅಲ್ಲಿನ ಒಬ್ಬ ಸಾಲೆ ಮಾಸ್ತರ, ಅವನೂ ಸಭೆಯ ಸದಸ್ಯ, ಎದ್ದು ನಿಂತು ಬಾಗಿಲ ಮೇಲಿನ ಗೆರೆಗಳನ್ನು ಒಂದೊಂದಾಗಿ ಓದಿ, ಕಟ್ಟಬೇಡಿ ಎಂದಿದ್ದ. ಹಿಂದಿನ ಎರಡು ಪೇಪರಿನಲ್ಲೂ ಅವನೇ ಅಡ್ಡ ನಿಂತಿದ್ದ. ಆಮೇಲೆ ಮತ ಹಾಕಿಸಿದರು. ಯಾರು ಯಾರು ಕೈ ಎತ್ತಿದರು? ಅದು ಏಳನೆಯ ಪುಟದಲ್ಲಿ ಎಂದು ಬರೆದಿತ್ತು. ಏಳನೆಯ ಪುಟ ಆ ಪೆಟ್ಟಿಗೆಯಲ್ಲಿ ಇರಲಿಲ್ಲ.

"ಯಾವ ಊರಿನ ಕಾರ್ಖಾನಿಗೆ ಯಾವ ನಟ್ಟು ಸುತ್ಕೊಂಡ ಹೋತೋ" ಎಂದರು ಕಾಕಾ. "ಆ ಮಾಸ್ತರ ಮಾತ ಕೇಳಿದ ಮ್ಯಾಲ ಯಾರರ ಕಟ್ಟತಾರೇನು ಅಂದ್ಕೊಂಡ್ಯಾ. ನಿಮಗ ಊಹಿಸಿ ಹೇಳಿದ್ಯಾ, ಸಾವ್ಕಾರ್ರ. ನೋಡಿದಂಗ ಹೇಳಿದ್ದು ತಪ್ಪಾತು."

ಕರಾರಿನ ಮಾತು ಉಳಿದಿತ್ತು. ಅದಕ್ಕೂ ಅವರೇ ದಾರಿ ಹೇಳಿದರು.

"ಏಜೆಂಟನ್ನ ಬಿಡ್ರಿ. ಹುಡುಗಿ ಕಡಿಂದ ಸೀದಾ ಕಾರ್ಖಾನಿಗೆ ಬರಸ್ರಿ. ಹೊಳಿ ಏರಿದ್ರ ನನ್ನ ಎಲ್ಲಿ ಮಲಗಸ್ತೀರಿ, ಅಷ್ಟ ಕೇಳಲಿ."

ಇದು ನನ್ನ ಅನುಭವದಲ್ಲಿ ಕೇಳಿದ ಅತ್ಯುತ್ತಮ ವ್ಯಾಪಾರದ ಪ್ರಶ್ನೆ. ಮಕ್ಕಳನ್ನು ಪರದೇಶಕ್ಕೆ ಕಳಿಸುವವರು ಸಂಬಳ, ರಜೆ ಕೇಳುವ ಮುಂಚೆ ಇದನ್ನು ಕೇಳಿ. ಕೊಡುವವನು ಆ ಊರಿನವನೋ ಅಲ್ಲವೋ ಎಂದು ಒಂದೇ ಸಲಕ್ಕೆ ಗೊತ್ತಾಗುತ್ತದೆ. ದಾನಮ್ಮ ಅಲ್ಲೇ ಕೂತು ಫೋನಿನಲ್ಲಿ ಇ-ಮೇಲ್ ಬರೆದಳು, ಕಾಕಾ ಎರಡು ಪದ ತಿದ್ದಿದರು. ಸೋಮವಾರ ಮಧ್ಯಾಹ್ನ ಆ ಕಾರ್ಖಾನೆಯ ಕಚೇರಿಯ ಒಬ್ಬ ಹೆಂಗಸು ತಾನಾಗಿ ಫೋನ್ ಮಾಡಿದಳು. ಎಲ್ಲೋ ಇಂಡಿಯಾದಲ್ಲಿ ಕೂತ ಹುಡುಗಿಗೆ ನಮ್ಮ ಹೊಳೆ ಹೇಗೆ ಗೊತ್ತು ಎಂದು ಕೇಳಿದಳಂತೆ. ಕೆಳಗಿನ ಮಜಲಿನಲ್ಲಿ ಸೈಕಲ್ಲು, ಬಟ್ಟೆ ಒಗೆಯುವ ಮಷೀನು ಮಾತ್ರ. ಯಾರೂ ಮಲಗುವಂತಿಲ್ಲ, ಊರಿನ ಕಾನೂನು. ನಿನ್ನ ಕೋಣೆ ಎರಡನೆಯ ಮಜಲಿನಲ್ಲಿ ಎಂದಳಂತೆ. ಮಗಳ ಸಹಿಯ ಕೆಳಗೆ ನಾನೂ ಸಹಿ ಹಾಕಿದೆ. ಹಾಕುವಾಗಲೂ ಕೈ ಹಗುರ ಇರಲಿಲ್ಲ.

ಮಗಳು ಹೋದ ಮಾರನೆಯ ವರ್ಷ, ಅಲ್ಲಿ ಹಿಮ ಕರಗುವ ಕಾಲ. ನಾನು ಶೆಡ್ಡಿನಲ್ಲಿ ಒಬ್ಬ ಗಿರಾಕಿಯೊಂದಿಗೆ ಗ್ರೈಂಡಿಂಗ್ ಮಷೀನಿನ ಸೌದಾ ಮಾಡುತ್ತಿದ್ದೆ. ಫೋನ್ ಬಂತು.

"ಅಪ್ಪಾ, ಗಾಬರಿ ಆಗಬ್ಯಾಡ್ರಿ. ಹೊಳಿ ಬಂದೈತಿ. ಸೈಕಲ್ ಎಲ್ಲಾ ಮ್ಯಾಲ ಒಯ್ದ ಇಟ್ಟೀವಿ."

ಚಿತ್ರ ಕಳಿಸಿದಳು. ಸೈಕಲ್ ನಿಲ್ಲಿಸುವ ಜಾಗದಲ್ಲಿ ಮಣ್ಣು ಬಣ್ಣದ ನೀರು, ಎದೆ ಮಟ್ಟ. ಇವಳು ಎರಡನೆಯ ಮಜಲಿನ ಕಿಟಕಿಯಲ್ಲಿ ಒಣಗಿದ ಕೂದಲು ಬಿಟ್ಟುಕೊಂಡು ನಿಂತಿದ್ದಳು. ಗಿರಾಕಿ ಕೇಳಿದ ದರಕ್ಕೆ ಹೂಂ ಎಂದುಬಿಟ್ಟೆ. ನನ್ನ ಜೀವನದಲ್ಲಿ ಚೌಕಾಸಿ ಮಾಡದೆ ಮಾರಿದ ಮಷೀನು ಅದೊಂದೇ.

ನೀರು ಇಳಿದ ಮೇಲೆ ದಾನಮ್ಮ ಆ ಊರ ಪತ್ರಿಕೆಯ ಕಚೇರಿಗೆ ಹೋದಳು. ನೆಲಮಾಳಿಗೆಯಲ್ಲಿ ಹಳೆಯ ಪ್ರತಿಗಳ ಗಂಟುಗಳಿದ್ದವಂತೆ. ಕಾಕಾನ ಹಾಳೆಯ ತಾರೀಖು ಹೇಳಿದಳು. ಹೆಚ್ಚಿನದೊಂದು ಪ್ರತಿ ಇದ್ದದ್ದನ್ನು ಅವರು ಕೊಟ್ಟರು. ಅದರ ಏಳನೆಯ ಪುಟವನ್ನು ನನಗೆ ಅಂಚೆಯಲ್ಲಿ ಕಳಿಸಿದಳು. ಏನಿದೆ ಎಂದು ಫೋನಿನಲ್ಲಿ ಓದಿ ಹೇಳಿದಳು. ನಾನು ಕಾಕಾನಿಗೆ ಹೇಳಲಿಲ್ಲ, ಮೊದಲು ನಾಡಿ ಹಿಡಿದು ನೋಡಿದೆ.

"ಕಾಕಾ, ಆ ಏಳನೇ ಪುಟಾ ಯಾರರ ತಂದ ಕೊಟ್ರ?"

"ಕೈಯಾಗ ತಂದ್ರ ತಗೊಳ್ಳೂದುಲ್ಲ. ಸ್ಟೋರಿಗೆ ಕೈಯಾಗ ತಂದದ್ದು ಕಳುವಿನ ಮಾಲು. ಪೆಟಗಿಯೊಳಗ ಬರಬೇಕು, ಮಾಲಿಗೆ ಸುತ್ತಿರಬೇಕು. ಅಂದ್ರನ ರಿಜಿಸ್ಟರಿಗೆ ಹತ್ತತೈತಿ."

ಆಗ ಅವರಿಗೆ ಆರೋಗ್ಯ ಸರಿಯಿರಲಿಲ್ಲ. ಪಾಠ ನಿಲ್ಲಿಸಿದ್ದರು. ಬಸ್ಸು ಹತ್ತಲು ಆಗುತ್ತಿರಲಿಲ್ಲ.

ಶೆಡ್ಡಿಗೆ ಬಂದು ಒಂದು ಜರ್ಮನ್ ಬೇರಿಂಗ್ ತೆಗೆದೆ. ಗ್ರೀಸು ಸವರಿದೆ. ಏಳನೆಯ ಪುಟದಲ್ಲಿ ಸುತ್ತಿದೆ. ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು, ಸುತ್ತ ಹುಲ್ಲು ತುಂಬಿ, ಮೊಳೆ ಹೊಡೆದೆ. ಮಷೀನಿಗೆ ಹೊಸ ಬಣ್ಣ ಬಳಿದು ಮಾರುವವರನ್ನು ಜೀವನವಿಡೀ ಬೈದವನು ನಾನು. ಆ ದಿನ ಮೊಳೆ ಹೊಡೆಯುವಾಗ ಯಾರೂ ನೋಡದಿರಲಿ ಎಂದು ಶಟರ್ ಅರ್ಧ ಇಳಿಸಿದ್ದೆ.

ಖಾನಾಪುರದಲ್ಲಿ ಪೆಟ್ಟಿಗೆಯನ್ನು ಅವರ ಮಂಚದ ಮುಂದೆ ಇಟ್ಟು, ಹಳೆಯ ಮಾಲಿನ ಜೊತೆ ಸಿಕ್ಕಿತು, ಬಿಚ್ಚದೆ ತಂದೆ ಎಂದೆ. ಕಾಕಾ ಎದ್ದು ಕೂತರು. ತುಂಬುತೋಳಿನ ಅಂಗಿ ಕೇಳಿ ಹಾಕಿಕೊಂಡರು.

"ಚಲನ್ ಎಲ್ಲೈತಿ?"

ಮಾಲಿನ ಜೊತೆ ಕೊಡುವ ಚಲನ್ ಮರೆತಿದ್ದೆ. ಅಲ್ಲಿಯೇ ಒಂದು ಚೀಟಿಯ ಮೇಲೆ ಬರೆದುಕೊಟ್ಟೆ. ಅವರು ಅದನ್ನು ಓದಿ, ಇಕ್ಕಳದಿಂದ ಮೊಳೆ ಎಬ್ಬಿಸಿ, ಹುಲ್ಲು ಸರಿಸಿ, ಬೇರಿಂಗ್ ತೆಗೆದರು. ಪೇಪರ್ ಬಿಡಿಸಿದರು. ಬೇರಿಂಗನ್ನು ಕಾಕುವಿನ ಕೈಗಿತ್ತು ಹಾಳೆಯನ್ನು ಮೊಣಕಾಲ ಮೇಲಿಟ್ಟು ಅಂಗೈ ಅಂಚಿನಿಂದ ನಡುವಿನಿಂದ ಹೊರಕ್ಕೆ ಒತ್ತಿದರು. ಸುಕ್ಕು ಬೇಗ ಹೋಗಲಿಲ್ಲ.

ಓದಿದರು. ನಾನು ಅವರ ಮುಖ ನೋಡುತ್ತಿದ್ದೆ.

"ಮಾಸ್ತರ ಕೈ ಎತ್ಯಾನ್ರೀ" ಎಂದರು.

"ಕಟ್ಟಬೇಕಂತನ?"

"ಹೂಂ. ಆದ್ರ ಸುಮ್ನ ಎತ್ತಿಲ್ಲ. ತಾವು ಸೋಲ್ತೀವಿ ಅಂತ ಗೊತ್ತಾಗೇತಿ ಅವಗ. ಕೆಳಗಿನ ಮಜಲಿನಾಗ ಯಾರೂ ಮಲಗಬಾರದು, ಹಂಗಂತ ಠರಾವಿನಾಗ ಬರೀರಿ, ಅಂದ್ರ ಕೈ ಎತ್ತತೀನಿ ಅಂದಾನ. ಬರದಾರ. ಎತ್ಯಾನ." ಹಾಳೆಯ ಮೂಲೆಯನ್ನು ಇನ್ನೊಮ್ಮೆ ಒತ್ತಿದರು. "ಸೌದಾ ಮಾಡ್ಯಾನ್ರಿ. ನಿಮ್ಮ ಪೈಕಿ ಮನಷ್ಯಾ ಅಂವ."

ಎರಡನೆಯ ಮಜಲಿನ ಕಿಟಕಿಯಲ್ಲಿ ನಿಂತ ಮಗಳ ಚಿತ್ರ ನನ್ನ ಫೋನಿನಲ್ಲೇ ಇತ್ತು. ತೆಗೆದು ತೋರಿಸಿದೆ. ಈ ಸಲ ಕಾಕಾ ಛಾವಣಿ ನೋಡಲಿಲ್ಲ, ನೀರು ಎಲ್ಲಿಯವರೆಗೆ ಬಂದಿದೆ ಎಂದು ಬೆರಳಿನಿಂದ ಅಳೆದು ನೋಡಿದರು. ಆಮೇಲೆ ರಿಜಿಸ್ಟರ್ ತರಿಸಿ, ನನಗೆ ಬೆನ್ನು ತಿರುಗಿಸಿ ಕೂತು ಬರೆದರು. ಬರೆಯುವಾಗ ಯಾರಿಗೂ ತೋರಿಸದಿರುವುದು ಅವರ ಹಳೆಯ ರೂಢಿ. ನಾನು ಗೆದ್ದೆ ಎಂದುಕೊಂಡು ಬೆಳಗಾವಿಗೆ ಬಂದೆ. ಅಷ್ಟು ಚೆನ್ನಾಗಿ ಯಾರನ್ನೂ ನಂಬಿಸಿರಲಿಲ್ಲ.

ಅವರು ತೀರಿಕೊಂಡ ಮೇಲೆ ಮಣ್ಣಿಗೆ ಹೋಗಿದ್ದಾಗ ಕಾಕು ಆ ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟರು. "ಇದು ನಿಮಗ ಅಂತ ಹೇಳ್ಯಾರು. ನನಗೇನ್ ಓದಾಕ ಬರತೈತಿ" ಎಂದರು. ಬಸ್‌ಸ್ಟ್ಯಾಂಡಿನ ಎದುರು ಗಾಡಿ ನಿಲ್ಲಿಸಿ ಕೊನೆಯ ಪುಟ ತೆಗೆದೆ. ಅವರ ದುಂಡನೆಯ ಅಕ್ಷರ. ಮಾಲು: ಏಳನೇ ಪುಟ. ಸಂಖ್ಯೆ: ಒಂದು. ತಂದವರು: ಆಟೋ ನಗರ ಸಾವ್ಕಾರ್ರು. ಕಡೆಯ ಕಾಲಮ್ಮು ಷರಾದ್ದು. ಅಲ್ಲಿ ಬರೆದಿತ್ತು: "ಪೇಪರ್ ಖರೇ. ಗ್ರೀಸ್ ಈ ವಾರದ್ದು. ತಗೊಂಡೀನಿ."